ಕಡಂಗದ ಮೇಲೆ ನಿಂತು

ಇರಿಟ್ಟಿ ಬಿಟ್ಟ ಬಸ್ಸು ಗಡಿಯ ಸೇತುವೆ ದಾಟಿ ಮಾಕುಟ್ಟದ ಘಟ್ಟ ಹತ್ತತೊಡಗಿದಾಗ ಬೆಳಗಿನ ಏಳು ಗಂಟೆ. ಡಿಸೆಂಬರಿನ ಮಂಜು ಕಿಟಕಿಯೊಳಗೇ ನುಗ್ಗುತ್ತಿತ್ತು. ತಿರುವು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ತಿರುವು. ರಸ್ತೆಯ ಪಕ್ಕದ ಹೊಳೆಯ ಸದ್ದು ಮಾತ್ರ ಕೇಳುತ್ತದೆ, ನೀರು ಕಾಣುವುದಿಲ್ಲ. ಈ ಘಟ್ಟವನ್ನೇ ಹತ್ತಿ 1791ರಲ್ಲಿ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯ ಟಿಪ್ಪು ಸುಲ್ತಾನನ ಮೇಲೆ ಹೋಗಿದ್ದು. ಫಿರಂಗಿಗಳನ್ನು ಈ ಕಾಡಿನಲ್ಲಿ ಹೇಗೆ ಎಳೆದರೋ ಎಂದು ಯೋಚಿಸುತ್ತ ಕೂತವನಿಗೆ ಪೆರುಂಬಾಡಿ ಬಂದದ್ದೇ ತಿಳಿಯಲಿಲ್ಲ. ಅಲ್ಲಿಂದ ಮುಂದೆ ಕಾಡು ಸರಿದು ಕಾಫಿ ತೋಟ ಶುರುವಾಯಿತು.

ವಿರಾಜಪೇಟೆ ಹುಟ್ಟಿದ್ದೂ ಅದೇ ಯುದ್ಧದ ನೆನಪಿಗೆ. ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಅಬರ್‌ಕ್ರಾಂಬಿಯನ್ನು ಭೇಟಿಯಾದ ಗುರುತಿಗೆ 1792ರಲ್ಲಿ ಈ ಪೇಟೆ ಕಟ್ಟಿಸಿದ. ಟಿಪ್ಪುವಿನ ಕೈಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಇಲ್ಲಿ ಜಾಗ ಕೊಟ್ಟ. ಸಂತ ಅನ್ನಮ್ಮನ ಚರ್ಚು ಆಗಲೇ ಶುರುವಾದದ್ದು. ಗಡಿಯಾರ ಕಂಬದ ಹತ್ತಿರ ನಿಂತರೆ ಗಣಪತಿ ಗುಡಿಯ ಗಂಟೆ ಕೇಳುತ್ತದೆ, ಬಾಂಗೂ ಕೇಳುತ್ತದೆ, ಭಾನುವಾರವಾದರೆ ಚರ್ಚಿನ ಗಂಟೆಯೂ. ನೆಲೆ ಕಳೆದುಕೊಂಡವರಿಗೆ ನೆಲೆ ಕೊಡುತ್ತಲೇ ಈ ಊರು ಬೆಳೆದಿದೆ ಎಂದು ಅಲ್ಲಿ ನಿಂತಾಗ ಅನಿಸಿತು.

ನಾನು ಬಂದದ್ದು ಅದಕ್ಕಿಂತ ಹತ್ತು ವರ್ಷ ಹಿಂದಿನ ಕತೆ ಹುಡುಕಿಕೊಂಡು. 1780ರಲ್ಲಿ ಕೊಡಗಿನ ಅರಸ ಲಿಂಗರಾಜ ತೀರಿಕೊಂಡಾಗ ಹೈದರಾಲಿ ಕೊಡಗನ್ನು ತನ್ನ ಕೈಗೆ ತೆಗೆದುಕೊಂಡ. ಹೈದರನ ಮಗ ಟಿಪ್ಪು 1785ರಲ್ಲಿ ದಂಡೆತ್ತಿ ಬಂದ. ಮಡಿಕೇರಿಗೆ ಜಾಫರಾಬಾದ್ ಎಂದು ಹೆಸರಾಯಿತು. ಮಡಿಕೇರಿ, ಕುಶಾಲನಗರ, ಭಾಗಮಂಡಲ ಮತ್ತು ಈ ವಿರಾಜಪೇಟೆಯ ಸೀಮೆಯಾದ ಬೆಪ್ಪುನಾಡಿನಲ್ಲಿ ಸುಲ್ತಾನನ ಠಾಣ್ಯಗಳು ಕೂತವು. ಹೆಂಗಸರು ಮಕ್ಕಳ ಸಮೇತ ಜನರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಎಷ್ಟು ಜನ ಎನ್ನುವುದರಲ್ಲಿ ಒಬ್ಬೊಬ್ಬ ಇತಿಹಾಸಕಾರರದು ಒಂದೊಂದು ಲೆಕ್ಕ. ಸಾವಿರಗಟ್ಟಲೆ ಎನ್ನುವುದಕ್ಕೆ ತಕರಾರಿಲ್ಲ. ಅವರು ಬಿಟ್ಟುಹೋದ ಗದ್ದೆಗಳನ್ನು ಹೊಸ ಮುಸಲ್ಮಾನ ಜಮೀನುದಾರರಿಗೆ, ಉಳುವ ಆಳುಗಳನ್ನೂ ಸೇರಿಸಿ, ಹಂಚಲಾಯಿತು. ಹೀಗೆ ಏಳೆಂಟು ವರ್ಷ. 1788ರಲ್ಲಿ ಅದೇ ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದು ಒಂದೊಂದೇ ಠಾಣ್ಯ ಕಿತ್ತ. 1792ರ ಹೊತ್ತಿಗೆ ಸೆರೆ ಹೋದವರಲ್ಲಿ ಅನೇಕರು ಗುಂಪು ಗುಂಪಾಗಿ ಮರಳಿದರು.

ಮರಳಿ ಬಂದವರಿಗೆ ತಮ್ಮ ಗದ್ದೆ ಇದೇ ಎಂದು ಹೇಗೆ ಗೊತ್ತಾಯಿತು? ಆಳಿಲ್ಲದೆ ಬಿಟ್ಟ ಗದ್ದೆಯನ್ನು ಕಾಡು ಎರಡು ಮಳೆಗಾಲಕ್ಕೆ ನುಂಗುತ್ತದೆ. ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಉತ್ತರ ತೋರಿಸುತ್ತೇನೆ ಎಂದು ಕೊಡವ ಗೆಳೆಯನೊಬ್ಬ ಕರೆದಿದ್ದ.

ಪೇಟೆಯಿಂದ ಅರ್ಧ ಗಂಟೆ ಜೀಪಿನಲ್ಲಿ, ಮತ್ತೆ ಕಾಲುನಡಿಗೆ. ಗೆಳೆಯನ ಮನೆತನದ ಮೂಲಮನೆಯಾದ ಐನ್‌ಮನೆಗೆ ಹೋಗುವ ಓಣಿಯಲ್ಲಿ ಎರಡೂ ಕಡೆ ಆಳೆತ್ತರದ ಮಣ್ಣಿನ ಗೋಡೆ. ಜರಿಗಿಡ, ಪಾಚಿ, ಎಲ್ಲೋ ಒಂದು ಕಡೆ ಮಣ್ಣು ಜರಿದು ಕೆಂಪು ಕಾಣುತ್ತಿತ್ತು. ಓಣಿ ಬಿಟ್ಟು ಬಾಣೆಯ ಕಡೆ ತಿರುಗಿದೆವು. ಸ್ವಲ್ಪ ದೂರ ಹೋಗಿ ಗೆಳೆಯ ನಿಂತ. "ನೋಡು, ಕಡಂಗ."

ಮೊದಲು ನನಗೆ ಏನೂ ಕಾಣಲಿಲ್ಲ. ಕಾಫಿ ಗಿಡಗಳ ನಡುವೆ ನೆಲ ಒಮ್ಮೆಲೇ ಏರಿ, ಒಮ್ಮೆಲೇ ಇಳಿದಿತ್ತು, ಅಷ್ಟೆ. ದಿಬ್ಬದ ಮೇಲೆ ಹತ್ತಿ ನಿಂತಾಗ ಮೈ ಜುಮ್ಮೆಂದಿತು. ಕಣ್ಣು ಹೋಗುವಷ್ಟು ದೂರ ಆ ಏರಿ ಗುಡ್ಡ ಹತ್ತಿ ಆಚೆ ಇಳಿದುಹೋಗಿದೆ, ಅದರ ಮಗ್ಗುಲಲ್ಲೇ ಕಂದಕ. ಕಂದಕದ ತಳದಲ್ಲಿ ಒಣ ಎಲೆ ಮೊಣಕಾಲುದ್ದ. ಏರಿಯ ಮೇಲೆ ಬೆಳೆದ ಹಲಸಿನ ಬೇರುಗಳು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದಂತೆ ಹಿಡಿದಿದ್ದವು. ಒಂಬತ್ತು, ಹತ್ತನೇ ಶತಮಾನದ ಶಾಸನಗಳಲ್ಲೇ ಕಡಂಗದ ಮಾತು ಬರುತ್ತದೆ. ಇಷ್ಟು ಸಣ್ಣ ಕೊಡಗಿನಲ್ಲಿ ಇವುಗಳ ಒಟ್ಟು ಉದ್ದ 500ರಿಂದ 600 ಮೈಲಿ ಎಂದು ಬ್ರಿಟಿಷರ ಕಾಲದವರು ಅಂದಾಜು ಮಾಡಿದ್ದರು. ಯುದ್ಧಕ್ಕೆಂದು ತೋಡಿದ್ದು, ನಾಡು ನಾಡುಗಳ ನಡುವಿನ ಗಡಿಗೆಂದು ತೋಡಿದ್ದು, ಹೊಲದ ಎಲ್ಲೆಯಾಗಿ ಉಳಿದದ್ದು. ಕೈಯಿಂದ, ಹಾರೆಯಿಂದ, ಬುಟ್ಟಿಯಿಂದ! ಲಕ್ಷಾಂತರ ಬುಟ್ಟಿ ಮಣ್ಣಿನ ಮೇಲೆ ನಿಂತಿದ್ದೆ. ಯಾವ ಸರ್ಕಾರ ಬಂದು ಇದನ್ನು ಅಳಿಸೀತು?

ಗುರುತು ಇದೊಂದೇ ಅಲ್ಲ. ಕೆಳಗೆ ತಗ್ಗಿನಲ್ಲಿ ಭತ್ತದ ಗದ್ದೆ, ಪುತ್ತರಿ ಮುಗಿದು ಬರೀ ಕೂಳೆ. ಅದರ ಮೇಲಿನ ಇಳಿಜಾರು ಬಾಣೆ. ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಕೊಡಬೇಕಾದ ಕಾಡು ಅದು, ಹಾಗಾಗಿ ಬಾಣೆಗೆ ಕಂದಾಯ ಇರಲಿಲ್ಲ. ಅದರಾಚೆ ದೇವರಕಾಡು, ಕೊಡಲಿ ತಾಗದ್ದು. 1985ರಲ್ಲಿ ಎಣಿಸಿದಾಗ ಕೊಡಗಿನಲ್ಲಿ 1,214 ದೇವರಕಾಡುಗಳಿದ್ದವು. ಗದ್ದೆ, ಬಾಣೆ, ದೇವರಕಾಡು ಒಂದಕ್ಕೊಂದು ಕೈ ಹಿಡಿದು ನಿಂತಿವೆ. ಒಂದನ್ನು ಗುರುತಿಸಿದರೆ ಇನ್ನೆರಡು ತಾವಾಗಿಯೇ ಸಿಗುತ್ತವೆ. ಮುಂದೆ ಕೊಡಗಿನ ರಾಜನಾದ ಲಿಂಗರಾಜೇಂದ್ರ 1812ರ ಹೊತ್ತಿಗೆ ‘ಶಿಸ್ತು’ ಎಂಬ ಕಂದಾಯದ ದಾಖಲೆ ಬರೆಸಿದಾಗ ಮಾಡಿದ್ದೂ ಇದನ್ನೇ. ನೂರು ಭಟ್ಟಿ ಗದ್ದೆ ಎಂದರೆ ಸುಮಾರು ಮೂರು ಎಕರೆ. ಸಾಗು ಜಮೀನಿಗೆ ನೂರು ಭಟ್ಟಿಗೆ ಹತ್ತು ರೂಪಾಯಿ ಕಂದಾಯವಾದರೆ, ರಾಜನ ಕರೆಗೆ ಓಗೊಟ್ಟು ಹೋಗುವ ಜಮ್ಮಾದವರಿಗೆ ಐದು.

ದೂರದ ಸಿರಿಯಾ ನೆನಪಾಯಿತು. ಏಳನೇ ಶತಮಾನದಲ್ಲಿ ಅರಬರು ದಮಾಸ್ಕಸ್ ಗೆದ್ದ ಮೇಲೂ ಸುಮಾರು ಅರವತ್ತು ವರ್ಷ ಅಲ್ಲಿನ ಕಂದಾಯದ ಲೆಕ್ಕ ಗ್ರೀಕ್ ಭಾಷೆಯಲ್ಲೇ ನಡೆಯಿತಂತೆ. ಅರಸರು ಬದಲಾದರೂ ಹೊಲದ ಹೆಸರು ಗೊತ್ತಿದ್ದ ಕರಣಿಕ ಕೂತಲ್ಲೇ ಕೂತಿದ್ದ.

"ಬಾ, ಕಾಕನ ಮನೆಗೆ ಹೋಗೋಣ" ಎಂದ ಗೆಳೆಯ. ಏರಿಯ ಆಚೆ ಬದಿಯ ತೋಟ ಕೊಡವ ಮಾಪಿಳ್ಳೆಯೊಬ್ಬರದು. ಜಮ್ಮಾ ಮಾಪಿಳ್ಳೆ ಎಂದೂ ಕರೆಯುತ್ತಾರೆ. ಟಿಪ್ಪುವಿನ ಕಾಲದಲ್ಲಿ ಮತಾಂತರವಾಗಿ, ಆಮೇಲೆ ಹುಟ್ಟಿದ ನೆಲಕ್ಕೆ ಮರಳಿ, ಇಸ್ಲಾಮಿನಲ್ಲೇ ಉಳಿದುಕೊಂಡ ಕೊಡವ ಒಕ್ಕಗಳು, ಅಂದರೆ ಮನೆತನಗಳು, ಇವು. ಹೆಚ್ಚಿನವರು ಈ ತಾಲ್ಲೂಕಿನವರೇ. ಆಲೀರ, ಚಿಮ್ಮಚೀರ, ದುದ್ದಿಯಂಡ, ಕೂವಲೇರ ಎಂಬ ಮನೆಹೆಸರುಗಳನ್ನು ಇಂದಿಗೂ ಬಿಟ್ಟಿಲ್ಲ. ಮಸೀದಿಗೆ ಹೋಗುವ ಮನುಷ್ಯನ ಹೆಸರಿನ ಮುಂದೆ ಕೊಡವ ಒಕ್ಕದ ಹೆಸರು! ಕಡಂಗಕ್ಕಿಂತ ಇದೇ ನನಗೆ ದೊಡ್ಡ ಅಚ್ಚರಿ. ಊರು, ಉಡುಪು, ದೇವರು ಬದಲಾದರೂ ಒಕ್ಕದ ಹೆಸರು ಹೋಗಲಿಲ್ಲ, ಹೆಸರಿನ ಜೊತೆ ನೆಲವೂ. ಆದರೆ ಕೊಡಗಿನ ಮುಸಲ್ಮಾನರೆಲ್ಲ ಟಿಪ್ಪುವಿನ ಆ ಏಳೆಂಟು ವರ್ಷದಲ್ಲಿ ಬಂದವರು ಎಂದುಕೊಂಡರೆ ತಪ್ಪು. ಎಮ್ಮೆಮಾಡಿನಲ್ಲಿ ಮಲಗಿರುವ ಸೂಫಿ ಶಹೀದರು ಟಿಪ್ಪುವಿಗಿಂತ ಎಷ್ಟೋ ಮೊದಲಿನವರು. ಅವರ ಉರುಸಿಗೆ ಇವತ್ತೂ ಎಲ್ಲ ಜಾತಿಯವರು ಹೋಗುತ್ತಾರೆ. ಘಟ್ಟದ ಕೆಳಗಿನಿಂದ ಮೆಣಸು, ಉಪ್ಪು, ಒಣಮೀನಿನ ಜೊತೆ ಬಂದವರ ದಾರಿ ಬೇರೆ, ಫರ್ಮಾನಿನ ಜೊತೆ ಬಂದವರ ದಾರಿ ಬೇರೆ.

ಕಾಕನಿಗೆ ಎಂಬತ್ತು ದಾಟಿರಬೇಕು. ಕಣದಲ್ಲಿ ಒಣಗಲು ಹಾಕಿದ ಕಾಫಿಯನ್ನು ಮರದ ಹಲಗೆಯಿಂದ ಎಳೆಯುತ್ತಿದ್ದರು. ಗೆಳೆಯನನ್ನು "ಬಾ ಮೋನೇ" ಎಂದರು, ನನಗೆ "ಕೂರಿ". ಬೆಲ್ಲದ ಕರಿ ಕಾಫಿ ಬಂತು. ಕಾಫಿಯ ಮಾತೇ ಬಂತು. ನಾಲ್ಕುನಾಡಿನ ಹತ್ತಿರ ರಾಜರಿಂದ ಭೂಮಿ ಪಡೆದ ಮಾಪಿಳ್ಳೆಗಳು ಕೊಡಗಿನಲ್ಲಿ ಮೊದಲು ಕಾಫಿ ಬೆಳೆದರು, ಲಾಭ ಯಾರಿಗೂ ತಿಳಿಯದಿರಲೆಂದು ಇಲ್ಲಸಲ್ಲದ ಕತೆ ಹಬ್ಬಿಸಿದರು ಎಂದು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ಬಿಳಿಯರು ತೋಟ ಮಾಡಿದ್ದು 1854ರಿಂದ ಈಚೆಗೆ. ಚಂದ್ರದ್ರೋಣ ಪರ್ವತಕ್ಕೆ ಏಳು ಬೀಜ ತಂದವರು ಬಾಬಾ ಬುಡನ್, ಇಲ್ಲಿ ಸಸಿ ನೆಟ್ಟವರು ಮಾಪಿಳ್ಳೆಗಳು. ಕಂದಾಯವಿಲ್ಲದ ಬಾಣೆ ಇವತ್ತು ಕಾಫಿಯ ಹಣದ ಗಣಿಯಾಗಿರುವುದರ ಹಿಂದೆ ಈ ಕೈಗಳಿವೆ ಎಂದು ಹೇಳಿದರೆ ಕಾಕ ನಕ್ಕರು. "ಬಾಣೆಯ ಕಾಡು ಹೋಯಿತಲ್ಲ, ಅದಕ್ಕೂ ನಾವೇ ಕಾರಣ ಅನ್ನಿ."

ಆ ಮಾತು ನನ್ನನ್ನು ಚುಚ್ಚಿತು. ಗದ್ದೆಗೆ ಸೊಪ್ಪು ಕೊಡುವ ಕಾಡಿಲ್ಲ. ಕೆಳಗಿನ ಎಷ್ಟೋ ಗದ್ದೆಗಳಲ್ಲಿ ಈಗ ಶುಂಠಿ, ಕೆಲವು ಬೀಳು. ಏಳೆಂಟು ವರ್ಷದ ಆಳ್ವಿಕೆ ಮಾಡದ್ದನ್ನು ಈ ಸಣ್ಣ ಕೆಂಪು ಹಣ್ಣು ಮಾಡಿದೆ.

"ನಡುವಿನ ಏರಿ ಯಾರದು ಕಾಕ?" ಎಂದು ಕೇಳಿದೆ.

"ಯಾರದೂ ಅಲ್ಲ. ಆಚೆ ಇವನದು, ಈಚೆ ನಮ್ಮದು. ನಮ್ಮಪ್ಪ ಹೇಳಿದ್ದು ಇದು. ಅವರಪ್ಪನೂ ಇದನ್ನೇ ಹೇಳಿರಬೇಕು."

ಬಿಸಿಲು ಇಳಿಯುವ ಹೊತ್ತಿಗೆ ನಮ್ಮನ್ನು ಕಳಿಸಲು ಕಡಂಗದವರೆಗೂ ಬಂದರು. ಫೆಬ್ರವರಿಯಲ್ಲಿ ಹೂಮಳೆ ಬರದಿದ್ದರೆ ಕೆರೆಯ ನೀರು ಮೊದಲು ಯಾರ ತೋಟಕ್ಕೆ ಎಂಬ ಮಾತು ಅಲ್ಲೇ, ಏರಿಯ ಮೇಲೆ ನಿಂತು, ಇಬ್ಬರ ನಡುವೆ ಶುರುವಾಯಿತು. ಪಂಪು ಯಾರದು, ಡೀಸೆಲ್ ಯಾರದು ಎಂದೆಲ್ಲ ಆಯಿತು. ಕೊನೆಗೆ ಕಾಕ ಮೂರು ಬೆರಳು ಎತ್ತಿ ತೋರಿಸಿದರು. ಮೂರು ದಿನ ಅವರಿಗೆ, ಮೂರು ದಿನ ಇವನಿಗೆ. ಗೆಳೆಯ ಒಪ್ಪಿ ತಲೆಯಾಡಿಸಿ ಕಂದಕಕ್ಕೆ ಇಳಿದ. ಅವನ ಹಿಂದೆ ನಾನೂ ಇಳಿದೆ.