ಹೇಳಿದ್ದಾಯಿತು, ಮುಟ್ಟಿತೇ?

ನರ್ಸಿಂಗ್ ಓದುವ ಅಣ್ಣನ ಮಗಳಿಗೆ ಇಂಗ್ಲಿಷಿನ ‘ಗೆಟ್ ಅಕ್ರಾಸ್’ ಕಂಡರೆ ಸಿಟ್ಟು. ರಸ್ತೆ ದಾಟುವುದಕ್ಕೂ ವಿಷಯ ಮನದಟ್ಟು ಮಾಡುವುದಕ್ಕೂ ಒಂದೇ ಮಾತೇ? ಹೌದು, ಎರಡರಲ್ಲೂ ಆಚೆ ಬದಿ ಮುಟ್ಟಬೇಕು. ‘ಐ ಟೋಲ್ಡ್ ಹರ್’ ಎಂದರೆ ನಾನು ಹೇಳಿದೆ, ಅಷ್ಟೆ. ‘ಐ ಗಾಟ್ ಇಟ್ ಅಕ್ರಾಸ್ ಟು ಹರ್’ ಎಂದರೆ ಆಕೆಗೆ ಅರ್ಥವೂ ಆಯಿತು. ಆ ‘ಇಟ್’ ನಡುವೆಯೇ ಇರಬೇಕು. ‘ಗಾಟ್ ಅಕ್ರಾಸ್ ಇಟ್’ ಎಂದರೆ ಏನನ್ನೋ ದಾಟಿದಂತಾದೀತು! ಕೇಳುವವರ ಹಿಂದೆ ‘ಟು’ ಬೇಕು. ವ್ಯಾಕರಣ ಇಷ್ಟೇ.

ಸಕ್ಕರೆ ಕಾಯಿಲೆಯ ನಮ್ಮಮ್ಮನಿಗೆ ಆಸ್ಪತ್ರೆಯೊಂದರಲ್ಲಿ ‘ಊಟಕ್ಕೆ ಮುಂಚೆ’ ಎಂಬುದನ್ನು ಇಂಗ್ಲಿಷಿನಲ್ಲೇ ಹೇಳಿ ಕಳಿಸಿದ್ದರು. ಅಮ್ಮ ತಲೆಯಾಡಿಸಿ ಬಂದು, ತಿಂಗಳುಗಟ್ಟಲೆ ಉಂಡ ಮೇಲೆ ನುಂಗಿದಳು. ಈಗ ಹುಡುಗಿ ಮಾತ್ರೆಯನ್ನು ಅಜ್ಜಿಯ ಕೈಗಿಟ್ಟು, ‘ಯಾವಾಗ ತಗೋತೀಯ, ನೀನೇ ಹೇಳಜ್ಜಿ’ ಎನ್ನುತ್ತಾಳೆ.