ಸುಳ್ಳುಗಾರ ಯಾರು?

ಹಜಾರದ ಕನ್ನಡಿ ಒಡೆದಿತ್ತು. 'ಬೆಕ್ಕು ಕೆಡವಿತು' ಎಂದು ಎಂಟು ವರ್ಷದ ನನ್ನ ಮಗನು ಸಾಧಿಸಿದನು. ಕಿಟಕಿ ಬಾಗಿಲುಗಳೆಲ್ಲ ಮುಚ್ಚಿದ್ದುವು. ಬೆಕ್ಕು ಬರುವ ದಾರಿಯೇ ಇರಲಿಲ್ಲ. 'ಸುಳ್ಳುಗಾರ!' ಎಂದು ಗದರಿದೆನು. ಅವನು ಅಳಲಿಲ್ಲ, ತಲೆ ತಗ್ಗಿಸಿ ಹೊರಟುಹೋದನು.

ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ನನ್ನ ತಂದೆಯವರು ಅಂದು ಸಂಜೆಯೂ ಎಂದಿನಂತೆ ಕೇಳಿದರು: 'ನಿನ್ನಣ್ಣನ ಫೋನು ಬಂತೇನೋ?'

'ಬಂದಿತ್ತು ಅಪ್ಪಾ. ನಿಮಗೆ ನಿದ್ದೆ ಹತ್ತಿತ್ತು' ಎಂದೆನು. ಆಸ್ತಿಯ ಪಾಲಿನ ಮಾತಿನಲ್ಲಿ ಮುನಿದುಹೋದ ಅಣ್ಣನು ಎರಡು ವರ್ಷಗಳಿಂದ ನಮ್ಮೊಡನೆ ಮಾತನ್ನೇ ಬಿಟ್ಟಿದ್ದನು.

ಬಾಗಿಲ ಮರೆಯಲ್ಲಿದ್ದ ಮಗನು ಮೆಲ್ಲನೆ ಕೇಳಿದನು: 'ದೊಡ್ಡಪ್ಪ ಫೋನು ಮಾಡಲಿಲ್ಲವಲ್ಲ. ಅಪ್ಪಾ, ನೀನೂ ಸುಳ್ಳುಗಾರನೇ?'

ಆ ರಾತ್ರಿಯೆಲ್ಲ ಅದೊಂದು ಮಾತು ನನ್ನನ್ನು ಕಾಡಿತು. ಕನ್ನಡದಲ್ಲಿ ಅಸತ್ಯಕ್ಕೆ ಮೃದುವಾದ ಹೆಸರೂ ಇದೆ. ಹಳಗನ್ನಡದ 'ಪುಸಿ'ಯೇ ಇಂದಿನ 'ಹುಸಿ'. ತಮಿಳಿನ 'ಪೊಯ್' ಅದರ ಸೋದರ ಶಬ್ದ. ಹುಸಿನಗೆ, ಹುಸಿಮುನಿಸುಗಳಿಂದ ಯಾರೂ ನೋಯುವುದಿಲ್ಲ. 'ಸುಳ್ಳುಗಾರ' ಹಾಗಲ್ಲ. ಅದರ ಕಠೋರತೆಯೆಲ್ಲ ಬಾಲದಲ್ಲಿದೆ. 'ಮಾಡುವವನು' ಎಂಬರ್ಥದ ಸಂಸ್ಕೃತದ 'ಕಾರ'ವೇ ತದ್ಭವವಾಗಿ 'ಗಾರ' ಆಯಿತೆಂದು ವೈಯಾಕರಣರು ಹೇಳುತ್ತಾರೆ. ಬಳೆಗಾರನಿಗೆ ಬಳೆ, ಬೇಟೆಗಾರನಿಗೆ ಬೇಟೆ ಹೇಗೋ ಹಾಗೆ ಸುಳ್ಳುಗಾರನಿಗೆ ಸುಳ್ಳು: ನಿತ್ಯದ ಕಸುಬು. ಒಮ್ಮೆ ಜೋಗುಳ ಹಾಡಿದ ತಾಯಿಯನ್ನು ನಾವು ಹಾಡುಗಾರ್ತಿ ಎನ್ನುವುದಿಲ್ಲ. ಒಮ್ಮೆ ಅಂಜಿ ಸುಳ್ಳಾಡಿದ ಹುಡುಗನಿಗೆ ಮಾತ್ರ ಆ ಬಿರುದನ್ನು ತಟ್ಟನೆ ಕಟ್ಟಿಬಿಡುತ್ತೇವೆ.

ಬಿಡಲಾಗದ ಸುಳ್ಳಿಗೆ ವೈದ್ಯರಲ್ಲಿ ಬೇರೊಂದು ಹೆಸರಿದೆ. 1905ರಲ್ಲಿ ಫ್ರಾನ್ಸಿನ ಮನೋವೈದ್ಯ ಎರ್ನೆಸ್ಟ್ ದ್ಯುಪ್ರೆ ಅದನ್ನು 'ಮಿಥೊಮೇನಿಯ' ಎಂದು ಕರೆದರು. ಗ್ರೀಕಿನ ಮೂಲವನ್ನು ಹಿಡಿದು ಹೇಳುವುದಾದರೆ 'ಕಥೆಯ ಹುಚ್ಚು'. ನನ್ನದು ಹುಚ್ಚೂ ಅಲ್ಲ; ತಿಂಗಳಿಂದ ಪ್ರತಿ ಸಂಜೆ ತಪ್ಪದೆ, ತಿಳಿದೂ ತಿಳಿದೂ ನಡೆಸಿದ ಕಸುಬು. ಮನೆಯಲ್ಲಿ 'ಗಾರ' ಪ್ರತ್ಯಯಕ್ಕೆ ಅರ್ಹನಾದವನು ನಾನೊಬ್ಬನೇ.

ಬೆಳಗಾದ ಮೇಲೆ ಮಗನನ್ನು ಕರೆದು, 'ನಿನ್ನೆ ನಿನ್ನನ್ನು ಹಾಗೆ ಕರೆದದ್ದು ನನ್ನ ತಪ್ಪು' ಎಂದೆನು. 'ಕನ್ನಡಿ ನಾನೇ ಒಡೆದೆ' ಎಂದನು ಅವನು.

ಅನಂತರ ಅಣ್ಣನಿಗೆ ಫೋನು ಮಾಡಿದೆನು. ಅವನು ಎತ್ತಲು ತಡಮಾಡಿದನು, ನಾನು ಕಾದೆನು. ಎತ್ತಿದೊಡನೆ, 'ಅಪ್ಪ ಮಾತಾಡುತ್ತಾರೆ' ಎಂದಷ್ಟೇ ಹೇಳಿ ಅದನ್ನು ತಂದೆಯವರ ಕಿವಿಗೆ ಹಿಡಿದೆನು.

'ದಿನವೂ ನಾನು ಮಲಗಿದಾಗಲೇ ಮಾಡುತ್ತಿದ್ದೆಯಂತಲ್ಲೋ!' ಎಂದರು ಅವರು.

ಅಣ್ಣನು ಕ್ಷಣಕಾಲ ತಡೆದು, 'ಹೌದಪ್ಪಾ' ಎಂದದ್ದು ನನಗೂ ಕೇಳಿಸಿತು. ಅದೂ ಸುಳ್ಳೇ. ಆದರೆ ಆ ಸಂಜೆಯಿಂದ ನನ್ನ ಕಸುಬು ನನಗೆ ಬೇಕಾಗಲಿಲ್ಲ.