ಬಿಚ್ಚದ ಕೊಡೆ

ಶಿರೂರ ಅನಂತಪಾಳದಲ್ಲಿ ಸೋದರತ್ತೆಯ ಹೊಲದ ಬದುವಿನ ಮೇಲೆ ಹಳೆಯದೊಂದು ಹುತ್ತವಿದೆ. ಮಿರಗದ ಮಳೆ ಬಿದ್ದು ವಾರವಾಗಿತ್ತು. ಸೋಯಾ ಬಿತ್ತುವ ಗಡಿಬಿಡಿಯಲ್ಲಿ ಯಾರೂ ಅತ್ತ ನೋಡಿರಲಿಲ್ಲ. ಹುತ್ತದ ಹೆಗಲಿಗೆ ಗೇಣುದ್ದದ ಬಿಳಿ ಅಣಬೆಯೊಂದು ಎದ್ದು ನಿಂತಿತ್ತು, ಮಡಿಚಿಟ್ಟ ಕೊಡೆಯ ಹಾಗೆ.

"ನಾಯಿಕೊಡಿ ಅದ, ಮುಟ್ಟಬ್ಯಾಡೋ ತಮ್ಮಾ" ಅಂದಳು ಅತ್ತೆ. ಪಕ್ಕದ ಹೊಲದ ಮರಾಠಿ ಅಜ್ಜಿ "ಕುತ್ರ್ಯಾಚಿ ಛತ್ರಿ" ಅಂದರು. ಅತ್ತೆಯ ಮನೆಯ ಮಾತು ಕನ್ನಡ, ಸಂತೆಯ ಮಾತು ಮರಾಠಿ. ಎರಡರಲ್ಲೂ ಕೊಡೆ ನಾಯಿಯದೇ. ಎರಡು ಹೆಸರನ್ನೂ ವಹಿಯಲ್ಲಿ ಬರೆದುಕೊಂಡೆ.

ಶಾಸ್ತ್ರದಲ್ಲಿ ಇದು ಪೊಡಾಕ್ಸಿಸ್ ಪಿಸ್ಟಿಲಾರಿಸ್. ಒಣ ಸೀಮೆಯ ಅಣಬೆ, ಹುತ್ತವೆಂದರೆ ಇದಕ್ಕೆ ಪ್ರೀತಿ. ಉಳಿದ ಎಷ್ಟೋ ಅಣಬೆಗಳಂತೆ ಇದು ಕೊಡೆ ಬಿಚ್ಚಿ ನಿಲ್ಲುವುದಿಲ್ಲ. ಬಲಿತು ಬಿದ್ದಿದ್ದ ಇನ್ನೊಂದನ್ನು ಉಗುರಿನಿಂದ ಸೀಳಿ ನೋಡಿದೆ. ಕಾಂಡ ನೆತ್ತಿಯವರೆಗೂ ನೆಟ್ಟಗೆ ಹೋಗಿತ್ತು, ಅದರ ಸುತ್ತ ಕಾಡಿಗೆಯಂಥ ಪುಡಿ. ಬೆರಳಿಗೆ ಹತ್ತಿದ್ದು ಸಂಜೆಯವರೆಗೂ ಹೋಗಲಿಲ್ಲ. ಸಿಪ್ಪೆ ಬಿರಿದ ಮೇಲೆ ಆ ಪುಡಿಯನ್ನು ಗಾಳಿಯೇ ಹೊತ್ತು ಬಿತ್ತಬೇಕು.

ತರಂಗಂಬಾಡಿಯಲ್ಲಿದ್ದ ವೈದ್ಯ ಕೋನಿಗ್ ಕಳಿಸಿದ ಮಾದರಿ ನೋಡಿ ಲಿನಿಯಸ್ 1771ರಲ್ಲಿ ಇದಕ್ಕೆ ಹೆಸರಿಟ್ಟ. ಸಿಕ್ಕ ಜಾಗ, ಭಾರತ. ಭಾರತದಲ್ಲಿ ಎಲ್ಲಿ? ಯಾವ ಬದು, ಯಾವ ಮಳೆ? ಇನ್ನೂರೈವತ್ತು ವರ್ಷಗಳ ಮೇಲೆ ಆ ಪ್ರಶ್ನೆ ನನ್ನನ್ನು ಹೊಲದಿಂದ ಹೊಲಕ್ಕೆ ಅಲೆಸುತ್ತಿದೆ.

ಫೋನು ಅಕ್ಷಾಂಶ ರೇಖಾಂಶ ಕೊಡುತ್ತದೆ, ನಕಾಶೆಯ ಮೇಲೆ ಚುಕ್ಕಿ ಬೀಳುತ್ತದೆ. ಅಷ್ಟಕ್ಕೇ ಬಿಡಲು ಮನಸ್ಸು ಬರುವುದಿಲ್ಲ. ಎರೆ ನೆಲವೋ ಮಸಾರಿಯೋ, ಮಳೆ ಬಿದ್ದು ಎಷ್ಟು ದಿನ, ಎದ್ದವು ಎಷ್ಟು, ಬಲಿತವು ಎಷ್ಟು, ಎಲ್ಲ ವಹಿಗೆ ಹೋಗಬೇಕು. ಹುಡುಕಿಯೂ ಏನೂ ಸಿಗದ ಹುತ್ತವನ್ನು ಕೂಡ ಬರೆದಿಡುತ್ತೇನೆ. ನಿಲಂಗಾ, ಉದಗೀರ ಕಡೆ ನನ್ನ ನಕಾಶೆ ಖಾಲಿ. ಆ ಕಡೆ ನಾನಿನ್ನೂ ನಡೆದಿಲ್ಲ.

ನಾನು ಮಂಡಿಯೂರಿ ಅಳತೆ ಮಾಡುವುದನ್ನು ಅತ್ತೆ ಬುಟ್ಟಿ ಇಳಿಸಿ ನೋಡುತ್ತಿದ್ದಳು. "ಹಿಂದಕ್ಕೊಮ್ಮೆ ಇಲ್ಲೇ ಎರಡು ಎದ್ದಿದ್ವು" ಅಂದಳು.

"ಯಾವ ವರ್ಷ ಅತ್ತೀ?"

"ವರ್ಷ ಯಾರಿಗೆ ನೆನಪದ? ನಿಮ್ಮಕ್ಕನ ಲಗ್ನಾದ ಮರುವರ್ಷ, ಹಿಂಗೇ ಮಿರಗದಾಗ."

ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಆಮೇಲೆ ಇಂದಿನ ಸಾಲಿನ ಮೇಲೆ ಉಳಿದಿದ್ದ ಜಾಗದಲ್ಲಿ ಬರೆದೆ: 2010, ಮಿರಗ, ಎರಡು. ಕಂಡವರು, ಅತ್ತೆ.